ನದಿಗೂ ಒಂದು ಹರೀಮ್ ಉಂಟು: ಹೊಳೆಬದಿ ಹೋಟೆಲ್ ಮಾಡುವ ಮೊದಲು

ಗಲ್ಫಿನಿಂದ ಮರಳಿ ಊರಲ್ಲೇ ಏನಾದರೂ ಮಾಡುವ ಎಂದು ಹೊರಟ ನಮ್ಮ ಯುವಕರಲ್ಲಿ ಅನೇಕರ ಮನಸ್ಸಲ್ಲಿ ಮೊದಲು ಬರುವುದು ಹೋಟೆಲ್. ಅಡುಗೆ ನಮ್ಮವರಿಗೆ ಗೊತ್ತುಂಟು, ಬಂದವರಿಗೆ ಬಡಿಸುವ ಗುಣವೂ ಉಂಟು. ಆದರೆ ಈಗ ನಾಲ್ಕು ಗೋಡೆಯೊಳಗಿನ ಹೋಟೆಲ್ ಯಾರಿಗೂ ಸಾಕಾಗುವುದಿಲ್ಲ. ಹೊಳೆ ಕಾಣಬೇಕು, ಗಾಳಿ ಬರಬೇಕು, ಮಕ್ಕಳು ಓಡಾಡಬೇಕು, ಫೋಟೋ ಚೆಂದ ಬರಬೇಕು. ಮಂದಿ, ಅಲ್ಫಹಮ್ ಎಲ್ಲ ಕಡೆ ಸಿಗುತ್ತದೆ. ನೀರಿನ ಬದಿಯಲ್ಲಿ ಕುಳಿತು ತಿನ್ನುವ ಜಾಗ ಎಲ್ಲ ಕಡೆ ಸಿಗುವುದಿಲ್ಲ. ಹಾಗಾಗಿ ನೇತ್ರಾವತಿ, ಫಲ್ಗುಣಿ, ಶಾಂಭವಿ, ಸುವರ್ಣಾ ಎಂದು ನಮ್ಮ ಕರಾವಳಿಯ ಯಾವ ಹೊಳೆಯ ದಡಕ್ಕೆ ಹೋದರೂ ‘ರಿವರ್ ವ್ಯೂ’ ಎಂಬ ಮಾತು ಕೇಳಲು ಸಿಗುತ್ತದೆ.

ವ್ಯಾಪಾರ ಮಾಡುವುದು ಒಳ್ಳೆಯದು. ಹಲಾಲ್ ದುಡಿಮೆಗೆ ನಮ್ಮ ದೀನಿನಲ್ಲಿರುವ ಸ್ಥಾನ ಏನೆಂದು ನಾನು ಇಲ್ಲಿ ಹೇಳಬೇಕಾಗಿಲ್ಲ. ಹೇಳಬೇಕಾದ್ದು ಬೇರೆ. ಹೋಟೆಲಿನ ಕಟ್ಟಡ ರಸ್ತೆ ಬದಿಯಲ್ಲಿ ಇರುತ್ತದೆ, ಅದಕ್ಕೆ ಲೈಸೆನ್ಸೂ ಇರುತ್ತದೆ. ಹಿಂಬದಿಯಲ್ಲಿ ಹೊಳೆಯವರೆಗೆ ಇರುವ ಖಾಲಿ ಜಾಗದಲ್ಲಿ ಮೊದಲು ನಾಲ್ಕು ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ಮಳೆಗಾಲ ಕಳೆದ ಮೇಲೆ ಕೆಸರಾಗುತ್ತದೆ ಎಂದು ಎರಡು ಲೋಡ್ ಮಣ್ಣು ಬೀಳುತ್ತದೆ. ಮಣ್ಣು ಜಾರದ ಹಾಗೆ ಕೆಂಪುಕಲ್ಲಿನ ತಡೆಗೋಡೆ, ಅದರ ಮೇಲೆ ಇಂಟರ್‌ಲಾಕ್, ಬಿಸಿಲಿಗೆ ಶೀಟ್ ಮಾಡು, ಆಮೇಲೆ ನೀರಿನ ಮೇಲೆಯೇ ಚಾಚಿಕೊಂಡ ಡೆಕ್. ಅಡ್ಡ ಬರುವ ಕಾಂಡ್ಲಾ ಗಿಡಗಳನ್ನು ‘ಪೊದೆ’ ಎಂದು ಹೇಳಿ ಕಡಿಯುತ್ತಾರೆ. ಮೂರು ವರ್ಷದೊಳಗೆ ಕುರ್ಚಿ ಹೋಗಿ ಕಟ್ಟಡ ಆಗಿರುತ್ತದೆ. ಒಂದು ದಿನ ನೋಟಿಸ್ ಬರುತ್ತದೆ.

ನನ್ನ ಪರಿಚಯದ ಒಬ್ಬರು ಹೀಗೆ ನೋಟಿಸ್ ಹಿಡಿದುಕೊಂಡು ಬಂದಿದ್ದರು. ಹದಿನಾಲ್ಕು ವರ್ಷ ಸೌದಿಯಲ್ಲಿ ದುಡಿದವರು, ಹೆಂಡತಿಯ ಚಿನ್ನ ಬ್ಯಾಂಕಿನಲ್ಲಿ. “ಉಸ್ತಾದರೇ, ನನ್ನ ಹತ್ತಿರ ಲೈಸೆನ್ಸ್ ಉಂಟಲ್ಲ, ಪಂಚಾಯತಿಗೆ ವರ್ಷ ವರ್ಷ ದುಡ್ಡು ಕಟ್ಟಿದ್ದೇನಲ್ಲ, ಮತ್ತೆ ಎಂತ ತಪ್ಪು?” ಎಂದು ಕೇಳಿದರು. ಹೊರಗೆ ಕುರ್ಚಿ ಹಾಕುವಾಗ ಯಾರೂ ಬೇಡ ಎನ್ನಲಿಲ್ಲವಂತೆ. ಅದು ನಿಜವೇ ಇರಬಹುದು. ಆದರೆ ಅವರ ಕೈಯಲ್ಲಿದ್ದ ಕಾಗದ ಉತ್ತರಿಸುವ ಪ್ರಶ್ನೆಯೇ ಬೇರೆ. ಉದ್ಯಮ ಪರವಾನಗಿ ಎಂದರೆ ಈ ವ್ಯಾಪಾರ ನಡೆಸಬಹುದು ಎಂದು. ಆಹಾರ ಸುರಕ್ಷತೆಯ ನೋಂದಣಿ ಎಂದರೆ ಅಡುಗೆಯ ಲೆಕ್ಕ. ಈ ನೆಲದಲ್ಲಿ, ಹೊಳೆಯಿಂದ ಇಷ್ಟು ದೂರದಲ್ಲಿ, ಏನನ್ನಾದರೂ ಹಾಕಬಹುದೇ ಎಂದು ಅವೆರಡೂ ಹೇಳುವುದಿಲ್ಲ. ಅದನ್ನು ಹೇಳುವುದು ಕರಾವಳಿ ನಿಯಂತ್ರಣ ವಲಯದ ನಿಯಮ. ಜನರ ಬಾಯಲ್ಲಿ ಸಿಆರ್‌ಝಡ್.

ಸಿಆರ್‌ಝಡ್ ಎಂದರೆ ಸಮುದ್ರಕ್ಕೆ ಮಾತ್ರ ಎಂದು ನಮ್ಮಲ್ಲಿ ಅನೇಕರು ತಿಳಿದುಕೊಂಡಿದ್ದಾರೆ. ಹಾಗಲ್ಲ. ಉಬ್ಬರದ ಉಪ್ಪುನೀರು ಹೊಳೆಯೊಳಗೆ ಎಲ್ಲಿಯವರೆಗೆ ಹತ್ತಿ ಬರುತ್ತದೋ ಅಲ್ಲಿಯವರೆಗೂ ಅದು ಬರುತ್ತದೆ. ಕಡು ಬೇಸಗೆಯಲ್ಲಿ ಅಳೆದಾಗ ಒಂದು ಸಾವಿರ ಪಾಲು ನೀರಿನಲ್ಲಿ ಐದು ಪಾಲು ಉಪ್ಪು ಇರುವ ಜಾಗವೇ ಅದರ ಗಡಿ. ಅಳಿವೆಯಿಂದ ಕೆಲವು ಮೈಲಿ ಒಳಗೆ, ಸಮುದ್ರದ ಸದ್ದೇ ಕೇಳದ ಊರಿನ ಗದ್ದೆ ಬದಿಯೂ ಇದರೊಳಗೆ ಬರಬಹುದು. 1991ರಲ್ಲಿ ಈ ನಿಯಮ ಮೊದಲು ಬಂತು, 2011ರಲ್ಲಿ ಬದಲಾಯಿತು. 2019ರ ಜನವರಿಯಲ್ಲಿ ಮತ್ತೊಮ್ಮೆ ಬದಲಾಗಿ, ಹೊಳೆಬದಿಯಲ್ಲಿ ಮೊದಲು ಇದ್ದ 100 ಮೀಟರ್ ಈಗ 50 ಮೀಟರ್ ಆಗಿದೆ. ಹೊಳೆಯ ಅಗಲ ಅದಕ್ಕಿಂತ ಕಡಿಮೆಯಿದ್ದರೆ ಅಗಲದಷ್ಟು. ಸಮುದ್ರದ ಬದಿಯಲ್ಲಿ ವಲಯ 500 ಮೀಟರ್.

ಈ 50 ಮೀಟರನ್ನು ಎಲ್ಲಿಂದ ಅಳೆಯುವುದು? ನೀವು ಮಧ್ಯಾಹ್ನ ಹೋಗಿ ನೋಡುವಾಗ ನೀರು ಇರುವ ಜಾಗದಿಂದ ಅಲ್ಲ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ನೀರು ಎಲ್ಲಿಗೆ ಮುಟ್ಟುತ್ತದೋ ಆ ಗೆರೆಯಿಂದ. ಅದನ್ನೂ ನಾವು ಹಗ್ಗ ಹಿಡಿದು ತೀರ್ಮಾನಿಸುವಂತಿಲ್ಲ, ಸರಕಾರದ ನಕ್ಷೆಯಲ್ಲಿ ಸರ್ವೆ ನಂಬರ್ ಸಮೇತ ಆ ಗೆರೆ ಬಂದಾಗಿದೆ. ಜಾಗ ತೋರಿಸುವ ಬ್ರೋಕರ್ ಇಳಿತದ ಹೊತ್ತಿಗೇ ಕರೆದುಕೊಂಡು ಹೋಗುತ್ತಾನೆ ಎಂಬುದನ್ನು ಮಾತ್ರ ನೆನಪಿಡಿ. ಆಗ ಜಾಗ ದೊಡ್ಡದು ಕಾಣುತ್ತದೆ.

ಆ 50 ಮೀಟರಿನೊಳಗೆ ಗ್ರಾಮ ಪಂಚಾಯತ್ ಪ್ರದೇಶವಾದರೆ ಸಾಮಾನ್ಯವಾಗಿ ಹೊಸ ಕಟ್ಟಡ ನಿಷಿದ್ಧ. ನಗರದ, ಬೆಳೆದು ಮುಗಿದ ಪ್ರದೇಶವಾದರೆ ಸ್ವಲ್ಪ ಸಡಿಲ. ಅಲ್ಲಿಯೂ ಹೊಳೆಗೂ ನಿಮ್ಮ ಕಟ್ಟಡಕ್ಕೂ ಮಧ್ಯೆ ಮೊದಲಿನಿಂದ ಇರುವ ರಸ್ತೆಯೋ ಅನುಮತಿ ಪಡೆದ ಹಳೆಯ ಕಟ್ಟಡವೋ ಇರಬೇಕು. ಅಂದರೆ ನಿಮ್ಮ ಹೊಸ ಕಟ್ಟಡ ರಸ್ತೆಯ ಈಚೆ, ಹೊಳೆ ರಸ್ತೆಯ ಆಚೆ. ‘ರಿವರ್ ವ್ಯೂ’ಗೆ ಬೇಕಾದ್ದು ಅದರ ತಿರುಗಾಮುರುಗ. ಇನ್ನು ಕಾಂಡ್ಲಾ ಇರುವ ಜಾಗವಂತೂ ಅತ್ಯಂತ ಕಟ್ಟುನಿಟ್ಟಿನ ವರ್ಗ. 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾವನವಾದರೆ, ಖಾಸಗಿ ಜಮೀನನ್ನು ಬಿಟ್ಟು, ಅದರ ಸುತ್ತ ಇನ್ನೂ 50 ಮೀಟರ್ ಬಿಡಬೇಕು. ವ್ಯಾಪಾರಕ್ಕಾಗಿ ಹೊಳೆಗೆ ಮಣ್ಣು ತುಂಬಿಸುವುದು, ಶುದ್ಧ ಮಾಡದ ಕೊಳಚೆ ಬಿಡುವುದು ಯಾವ ವರ್ಗದಲ್ಲೂ ಇಲ್ಲ.

ಹಾಗಾದರೆ ಹೊರಗೆ ಕುರ್ಚಿ ಹಾಕಲು ದಾರಿಯೇ ಇಲ್ಲವೋ ಎಂದರೆ, ಉಂಟು. 2019ರ ನಿಯಮದಲ್ಲಿ ತಾತ್ಕಾಲಿಕ ಸೌಕರ್ಯಗಳು ಎಂದು ಒಂದು ಬಾಗಿಲು ತೆರೆದಿದ್ದಾರೆ. ಶೆಡ್ಡಿನಂಥ ಹಗುರ ಗುಡಿಸಲು, ಶೌಚಾಲಯ, ಕುಡಿಯುವ ನೀರು, ಕುಳಿತುಕೊಳ್ಳುವ ವ್ಯವಸ್ಥೆ ಇವೆಲ್ಲ ಅದರ ಪಟ್ಟಿಯಲ್ಲಿ ಇವೆ. ಆದರೆ ದೊಡ್ಡ ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ದೂರ ಬೇಕು. ಅದಕ್ಕಿಂತ ಮುಖ್ಯವಾಗಿ, ಆ ಜಾಗ ಸರಕಾರದ ಅನುಮೋದಿತ ಕರಾವಳಿ ಯೋಜನೆಯ ಪ್ರವಾಸೋದ್ಯಮ ಭಾಗದಲ್ಲಿ ಸೇರಿರಬೇಕು. ನಮಗೆ ಚೆಂದ ಕಂಡ ಜಾಗದಲ್ಲೆಲ್ಲ ಹಾಕುವ ಹಾಗಿಲ್ಲ. ಬೆಂಗರೆ, ಕೋಟೆಪುರದಂಥ ಕಡೆ ಹೊಳೆಬದಿಯಲ್ಲೇ ತಲೆತಲಾಂತರದಿಂದ ಮನೆ ಇರುವವರಿಗೆ ಇನ್ನೊಂದು ದಾರಿ ಉಂಟು, ಹೆಚ್ಚಿನವರಿಗೆ ಅದು ಗೊತ್ತಿಲ್ಲ. ಇದ್ದ ಮನೆಯ ತಳಪಾಯ, ಮುಂಭಾಗ ಬದಲಿಸದೆ ಅದರಲ್ಲೇ ಹೋಮ್‌ಸ್ಟೇ ನಡೆಸಲು ಸ್ಥಳೀಯರಿಗೆ ಈ ನಿಯಮ ಅವಕಾಶ ಕೊಡುತ್ತದೆ. ಉಮ್ಮನ ಕೈಯ ಪತ್ತಿರ್, ಮರುವಾಯಿ ಸುಕ್ಕ ಬಡಿಸಲು ಡೆಕ್ ಬೇಡ, ಮನೆಯ ಜಗಲಿ ಸಾಕು.

ಇಷ್ಟು ಕೇಳಿದ ಕೂಡಲೇ ನಮ್ಮ ಕೆಲವರು ಹೇಳುವ ಮಾತು: ಇದೆಲ್ಲ ಸರಕಾರದ ಕಾನೂನು, ದುಡ್ಡಿದ್ದವರಿಗೆ ಒಂದು, ನಮಗೆ ಒಂದು. ಆ ಮಾತಿನಲ್ಲಿ ಸತ್ಯ ಇಲ್ಲವೆಂದು ನಾನು ಹೇಳುವುದಿಲ್ಲ. ದೊಡ್ಡ ರೆಸಾರ್ಟ್‌ಗಳ ಮುಂದೆ ಮೆತ್ತಗಾಗುವ ನಿಯಮ ಸಣ್ಣ ಹೋಟೆಲಿನ ಮುಂದೆ ಗಟ್ಟಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಸರಕಾರದ ಕಾನೂನನ್ನು ಒಂದು ಕ್ಷಣ ಬದಿಗಿಡಿ. ನಾವು ಪಳ್ಳಿ ದರ್ಸಿನಲ್ಲಿ ಓದಿದ ಶಾಫಿಈ ಫಿಕ್‌ಹ್ ಇದರ ಬಗ್ಗೆ ಏನು ಹೇಳುತ್ತದೆ ಎಂದು ನೋಡಿ. ನನಗಂತೂ ಈ ವಿಷಯದಲ್ಲಿ ಕಿತಾಬುಗಳು ಸಿಆರ್‌ಝಡ್‌ಗಿಂತ ಕಠಿಣ ಎಂದು ಅನ್ನಿಸಿದೆ.

ಪಾಳು ಭೂಮಿಯನ್ನು ಹಸನು ಮಾಡಿ ಸ್ವಂತ ಮಾಡಿಕೊಳ್ಳುವ ಅಧ್ಯಾಯದಲ್ಲಿ ‘ಹರೀಮ್’ ಎಂಬ ಒಂದು ವಿಷಯ ಬರುತ್ತದೆ. ಒಂದು ವಸ್ತುವಿನ ಪ್ರಯೋಜನ ಪೂರ್ಣವಾಗಿ ಸಿಗಬೇಕಾದರೆ ಅದರ ಸುತ್ತ ಎಷ್ಟು ಜಾಗ ಬೇಕೋ ಅದು ಆ ವಸ್ತುವಿನ ಹರೀಮ್. ಬಾವಿಗೆ ಹರೀಮ್ ಉಂಟು: ನೀರು ಸೇದುವವನು ನಿಲ್ಲುವ ಜಾಗ, ತೊಟ್ಟಿ ಇಡುವ ಜಾಗ, ನೀರೆತ್ತುವ ಪ್ರಾಣಿ ಹೋಗಿ ಬರುವ ಜಾಗ. ಊರಿಗೆ ಹರೀಮ್ ಉಂಟು: ಜನ ಕೂಡುವ ಕಟ್ಟೆ, ಒಂಟೆ ಮಲಗುವ ಜಾಗ, ಬೂದಿ ಸುರಿಯುವ ಜಾಗ. ಹಾಗೆಯೇ ನದಿಗೂ ಹರೀಮ್ ಉಂಟು: ಜನ ಇಳಿದು ಉಪಯೋಗಿಸುವುದಕ್ಕೆ, ಹೂಳೆತ್ತಿದರೆ ಆ ಮಣ್ಣು ಹಾಕುವುದಕ್ಕೆ ಬೇಕಾಗುವಷ್ಟು ದಡ. ಅದು ಖಾಲಿ ಬಿದ್ದಿದೆ ಎಂದು ಯಾರೂ ಬೇಲಿ ಹಾಕಿ ಸ್ವಂತ ಮಾಡಿಕೊಳ್ಳುವಂತಿಲ್ಲ. ಅಲ್ಲಿ ಕಟ್ಟುವುದು ನಿಷಿದ್ಧ, ಕಟ್ಟಿದ್ದನ್ನು ಕೆಡವಬೇಕು, ಅದು ಮಸೀದಿಯೇ ಆಗಿದ್ದರೂ ಕೂಡ ಎಂದು ಇಮಾಮ್ ನವವಿಯವರ ಮಿನ್ಹಾಜ್‌ಗೆ ಬಂದ ವ್ಯಾಖ್ಯಾನಗಳು ಹೇಳುತ್ತವೆ. ಮಸೀದಿಗೇ ವಿನಾಯಿತಿ ಇಲ್ಲದ ಜಾಗದಲ್ಲಿ ಅಲ್ಫಹಮ್‌ಗೆ ಎಲ್ಲಿಂದ ವಿನಾಯಿತಿ?

ಇದು ಯಾರೋ ಕೋಣೆಯಲ್ಲಿ ಕುಳಿತು ಬರೆದ ಮಾತಲ್ಲ. ಈಜಿಪ್ಟಿನಲ್ಲಿ ನೈಲ್ ನದಿಯ ದಡಕ್ಕೆ ಚಾಚಿಕೊಂಡು ಜನ ಕಟ್ಟಡ ಕಟ್ಟುವ ರೋಗ ಆಗಲೇ ಇತ್ತು. ಹಿಜರಿ 911ರಲ್ಲಿ, ಅಂದರೆ ಕ್ರಿಸ್ತಶಕ 1505ರಲ್ಲಿ ತೀರಿಹೋದ ಇಮಾಮ್ ಸುಯೂತಿಯವರು ನದಿದಡಕ್ಕೆ ಚಾಚುವುದನ್ನು ತಡೆಯುವ ಬಗ್ಗೆಯೇ ಪ್ರತ್ಯೇಕ ಪ್ರಬಂಧ ಬರೆದರು. ಆಮೇಲಿನವರ ಕಿತಾಬುಗಳಲ್ಲಿ ಒಂದು ಬೇಸರವೂ ಕಾಣುತ್ತದೆ: ಉಲಮಾಗಳು ಇಷ್ಟೆಲ್ಲ ಬರೆದರೂ ಜನ ಬಿಡಲಿಲ್ಲ ಎಂದು. ಐನೂರು ವರ್ಷ ಹಿಂದಿನ ಆ ಬೇಸರ ಓದುವಾಗ ನನಗೆ ನಮ್ಮ ಹೊಳೆಬದಿಯ ಜೆಸಿಬಿಗಳ ನೆನಪಾಯಿತು.

ಇನ್ನೊಂದು ಕಡೆ ಅದೇ ಕಿತಾಬುಗಳು ವ್ಯಾಪಾರಿಯ ಬಗ್ಗೆ ಎಷ್ಟು ಮೃದುವಾಗಿವೆ ನೋಡಿ. ದಾರಿ ಇರುವುದು ನಡೆಯಲಿಕ್ಕೆ. ಆದರೂ ನಡೆಯುವವರಿಗೆ ಇಕ್ಕಟ್ಟಾಗದಿದ್ದರೆ ದಾರಿ ಬದಿಯಲ್ಲಿ ಕುಳಿತು ವ್ಯಾಪಾರ ಮಾಡಬಹುದು, ತಲೆಯ ಮೇಲೆ ಚಾಪೆಯನ್ನೋ ಅಂಥದ್ದನ್ನೋ ಕಟ್ಟಿ ನೆರಳು ಮಾಡಿಕೊಳ್ಳಬಹುದು. ಆದರೆ ಅದೇ ದಾರಿಯಲ್ಲಿ ಕಟ್ಟೆ ಕಟ್ಟಬಾರದು, ಸದ್ಯಕ್ಕೆ ಯಾರಿಗೂ ತೊಂದರೆ ಕಾಣದಿದ್ದರೂ ಕಟ್ಟಬಾರದು ಎಂಬುದೇ ಬಲವಾದ ಅಭಿಪ್ರಾಯ. ಕಾರಣ ಸುಲಭ. ಚಾಪೆಯನ್ನು ಸಂಜೆ ಮಡಚಿಕೊಂಡು ಹೋಗುತ್ತಾರೆ, ಕಟ್ಟೆ ಅಲ್ಲೇ ಉಳಿಯುತ್ತದೆ. ಕಾಲ ಕಳೆದ ಮೇಲೆ ಅದು ದಾರಿಯಾಗಿತ್ತು ಎಂಬುದನ್ನೇ ಜನ ಮರೆಯುತ್ತಾರೆ, ಕಟ್ಟಿದವನ ಮಕ್ಕಳು ನಮ್ಮ ಜಾಗ ಎನ್ನುತ್ತಾರೆ. ರಾತ್ರಿ ಎತ್ತಿಡುವ ಕುರ್ಚಿಗೂ ಇಂಟರ್‌ಲಾಕ್ ಹಾಕಿದ ಕಟ್ಟೆಗೂ ಇರುವ ವ್ಯತ್ಯಾಸ ಇಷ್ಟೇ. 2019ರ ಸರಕಾರಿ ನಿಯಮ ‘ತಾತ್ಕಾಲಿಕ’ ಎಂದು ಹೇಳುವುದನ್ನು ನಮ್ಮ ಇಮಾಮರು ಚಾಪೆ ಮತ್ತು ಕಟ್ಟೆಯ ಲೆಕ್ಕದಲ್ಲಿ ಹೇಳಿದ್ದರು. ಜನಹಿತಕ್ಕಾಗಿ ಆಡಳಿತ ಇದಕ್ಕೆ ಇನ್ನೂ ಒಂದು ಅನುಮತಿ ಬೇಕು ಎಂದರೆ ಅದನ್ನು ಪಾಲಿಸುವುದೂ ದೀನಿನ ಭಾಗವೇ.

ದಡ ಖಾಲಿ ಬಿದ್ದಿದೆ ಎನ್ನುವುದೂ ನಮ್ಮ ಕಣ್ಣಿನ ದೋಷ. ಅಲ್ಲಿ ಯಾರಿದ್ದಾರೆ ಎಂದು ಇಳಿತದ ಹೊತ್ತಿಗೆ ಹೋಗಿ ನೋಡಿ. ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರಿದ್ದಾರೆ, ಅವರಲ್ಲಿ ನಮ್ಮ ಮನೆಯ ಹೆಂಗಸರೂ ಮೊಗವೀರರ ಮನೆಯ ಹೆಂಗಸರೂ ಇದ್ದಾರೆ. ಬೀಸುಬಲೆಯವರಿದ್ದಾರೆ. ಕಾಂಡ್ಲಾದ ಬೇರಿನ ಸಂದಿನಲ್ಲಿ ಸಿಗಡಿ, ಏಡಿಯ ಮರಿಗಳು ಬೆಳೆಯುತ್ತವೆ. ಅಲ್ಲಿ ಬೆಳೆದು ದೊಡ್ಡದಾದದ್ದೇ ಆಮೇಲೆ ನಿಮ್ಮ ಹೋಟೆಲಿನ ತವಾಕ್ಕೆ ಬರುವುದು. ಕಾಂಡ್ಲಾ ಕಡಿದು ಹಾಕಿದ ಮೇಜಿನ ಮೇಲೆ ಸಿಗಡಿ ಗೀ ರೋಸ್ಟ್ ಬಡಿಸುವುದು ಎಂಥ ಲೆಕ್ಕ ಮಾರಾಯ್ರೆ! ಅಡುಗೆಮನೆಯ ಎಣ್ಣೆನೀರು ತೋಡಿನ ಮೂಲಕ ಹೊಳೆಗೆ ಇಳಿದರೆ ಮೊದಲು ಸಾಯುವುದು ಕೆಸರಿನಲ್ಲಿರುವ ಮರುವಾಯಿ, ಅದಕ್ಕೆ ಓಡಿ ಹೋಗಲು ಕಾಲಿಲ್ಲ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಚಿಪ್ಪು ಹೆಕ್ಕಿ ಬದುಕುವ ಕುಟುಂಬಗಳು ಎಷ್ಟೋ ಇವೆ. 2024ರ ಜನವರಿಯಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ನಮ್ಮ ಹೊಳೆಗಳಿಗೆ ಅಂಥ ಬಿರುದಿಲ್ಲ, ಆದರೆ ಮರುವಾಯಿಗೆ ಬಿರುದು ಬೇಕಾಗಿಲ್ಲ.

ಮತ್ತೆ ಮಳೆಗಾಲ. 1923ರ, 1974ರ ಬೊಳ್ಳದ ಕಥೆಯನ್ನು ಬಂಟ್ವಾಳ, ಪಾಣೆಮಂಗಳೂರು ಕಡೆಯ ಮನೆಗಳಲ್ಲಿ ಈಗಲೂ ಹೇಳುತ್ತಾರೆ. ನೆರೆ ಬಂದಾಗ ನದಿ ತನ್ನ ಹರೀಮನ್ನು ತಾನೇ ವಾಪಸ್ ತೆಗೆದುಕೊಳ್ಳುತ್ತದೆ, ಅದಕ್ಕೆ ನೋಟಿಸ್ ಬೇಡ. ನಿಮ್ಮ ತಡೆಗೋಡೆಗೆ ಬಡಿದ ನೀರು ಎದುರು ದಡದ ಬಡವನ ಮನೆಗೆ ನುಗ್ಗಿದರೆ ಆ ಹಕ್ಕಿನ ಲೆಕ್ಕ ಕೊಡಬೇಕಾದವರು ಯಾರು?

“ಎಲ್ಲರೂ ಮಾಡಿದ್ದಾರೆ, ಯಾರೂ ಕೆಡವುವುದಿಲ್ಲ” ಎನ್ನುವವರು ನಮ್ಮ ನೆರೆಯ ಕೇರಳದತ್ತ ಒಮ್ಮೆ ನೋಡಬೇಕು. ಕೊಚ್ಚಿಯ ಮರಡುವಿನಲ್ಲಿ ಹಿನ್ನೀರಿನ ಬದಿಯ ನಾಲ್ಕು ದೊಡ್ಡ ಫ್ಲಾಟ್ ಸಮುಚ್ಚಯಗಳನ್ನು 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದ್ದನ್ನು ನಾವೆಲ್ಲ ಟಿವಿಯಲ್ಲಿ ಕಂಡಿದ್ದೇವೆ. ಅವಕ್ಕೆ 2006ರಲ್ಲಿ ಅಲ್ಲಿನ ಪಂಚಾಯತ್ ಪರ್ಮಿಟ್ ಕೊಟ್ಟಿತ್ತು. ಕರಾವಳಿ ವಲಯ ಪ್ರಾಧಿಕಾರದ ಅನುಮತಿ ಇರಲಿಲ್ಲ. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೆಡವಿ ಎಂದು ಹೇಳಿತು. ದುಡ್ಡು ಕೊಟ್ಟು ಫ್ಲಾಟ್ ಕೊಂಡವರಲ್ಲಿ ಗಲ್ಫಿನಲ್ಲಿ ದುಡಿದವರೂ ಇದ್ದರು. ಅದೇ 2020ರ ಜನವರಿಯಲ್ಲಿ ಆಲಪ್ಪುಳ ಜಿಲ್ಲೆಯ ಒಂದು ದ್ವೀಪದಲ್ಲಿ ಕಟ್ಟಿದ್ದ 54 ವಿಲ್ಲಾಗಳ ರೆಸಾರ್ಟಿಗೂ ಕೋರ್ಟ್ ಅದೇ ತೀರ್ಪು ಕೊಟ್ಟಿತು. ಅದು ರಾಮ್‌ಸರ್ ಪಟ್ಟಿಯಲ್ಲಿರುವ ವೇಂಬನಾಡ್ ಸರೋವರದ ನಡುವಿನ ಜಾಗ. ಅಲ್ಲಿಯೂ ಪಂಚಾಯತಿನ ಕಾಗದ ಇತ್ತು. ಇವರೆಲ್ಲ ನಮಗಿಂತ ನೂರು ಪಟ್ಟು ದೊಡ್ಡ ದುಡ್ಡಿನವರು, ದೊಡ್ಡ ವಕೀಲರನ್ನು ಇಟ್ಟವರು. ನಮ್ಮ ಹುಡುಗನ ಡೆಕ್ಕನ್ನು ಉಳಿಸಲು ಯಾರು ಬರುತ್ತಾರೆ? ಕೆಡವದೆ ದಂಡ ಮಾತ್ರ ಬಿದ್ದರೂ ಅದು ಸಣ್ಣದಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಜೈಲು ಶಿಕ್ಷೆ ಇತ್ತು, ಈಗಿನ ತಿದ್ದುಪಡಿಯ ಪ್ರಕಾರ ದಂಡ 10,000 ರೂಪಾಯಿಯಿಂದ ಹಿಡಿದು 15 ಲಕ್ಷದವರೆಗೆ.

ಹಾಗಾದರೆ ಏನು ಮಾಡುವುದು? ಅಡ್ವಾನ್ಸ್ ಕೊಡುವ ಮೊದಲು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಆರ್‌ಟಿಸಿ, ಸರ್ವೆ ಸ್ಕೆಚ್ ತೆಗೆದುಕೊಂಡು ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗೆ ಹೋಗಿ. ಮಂಗಳೂರು, ಉಡುಪಿ, ಕಾರವಾರ ಮೂರೂ ಕಡೆ ಅದು ಉಂಟು. ಈ ಸರ್ವೆ ನಂಬರ್ ಸಿಆರ್‌ಝಡ್ ನಕ್ಷೆಯಲ್ಲಿ ಯಾವ ವರ್ಗದಲ್ಲಿದೆ, ಗೆರೆಯಿಂದ ಎಷ್ಟು ದೂರ ಎಂದು ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ “ತೊಂದರೆ ಇಲ್ಲ, ಹಾಕಿ” ಎಂದವರು ನೋಟಿಸ್ ಬರುವಾಗ ವರ್ಗವಾಗಿ ಹೋಗಿರುತ್ತಾರೆ. ಆರ್‌ಟಿಸಿಯಲ್ಲಿರುವ ನಿಮ್ಮ ಜಾಗಕ್ಕೂ ನೀರಿಗೂ ನಡುವೆ ಹೆಚ್ಚಾಗಿ ಹೊಳೆ ಪರಂಬೋಕು ಇರುತ್ತದೆ. ಅದು ನಿಮ್ಮದಲ್ಲ, ಜಾಗ ಮಾರಿದವನದ್ದೂ ಅಲ್ಲ, ಎಷ್ಟು ವರ್ಷ ಅವನು ತೆಂಗಿನ ಗರಿ ಒಣಗಿಸಿದ್ದರೂ ಅಲ್ಲ. ಕಾಸರಗೋಡು, ಮಂಜೇಶ್ವರದ ಕಡೆಯ ಓದುಗರಿಗೆ ಇದರ ಜೊತೆ ಕೇರಳದ 2008ರ ಗದ್ದೆ ಮತ್ತು ಜೌಗುಭೂಮಿ ಕಾಯ್ದೆಯೂ ಉಂಟು, ಅದು ಇನ್ನೂ ಬಿಗಿ.

ಈಗಾಗಲೇ ಕಟ್ಟಿದವರು ನೋಟಿಸ್ ಬರುವವರೆಗೆ ಕಾಯಬೇಡಿ. ಕಟ್ಟೆಯನ್ನು ತೆಗೆದು ಮೇಜುಗಳನ್ನು ಕಟ್ಟಡದ ಬದಿಗೆ, ರಸ್ತೆಯ ಕಡೆಗೆ ತನ್ನಿ. ಬೇಕಾದರೆ ಮಹಡಿಯ ಮೇಲೆ ಕುಳಿತುಕೊಳ್ಳಲು ಕ್ರಮಬದ್ಧ ಅನುಮತಿ ಕೇಳಿ. ಹೊಳೆ ಅಲ್ಲಿಂದಲೂ ಕಾಣುತ್ತದೆ, ಕಾಂಡ್ಲಾ ಇದ್ದರೆ ಇನ್ನೂ ಚೆಂದ ಕಾಣುತ್ತದೆ. ನಾನು ಮೊದಲು ಹೇಳಿದ ಆ ಮಹನೀಯರು ಹಾಗೆಯೇ ಮಾಡಿದರು. ಕುಟುಂಬಗಳು ಬರುವುದು ಸ್ವಲ್ಪ ಕಡಿಮೆಯಾಗಿದೆ ಎನ್ನುತ್ತಾರೆ, ಸಾಲ ಇನ್ನೂ ಉಂಟು, ಹೋಟೆಲ್ ನಡೆಯುತ್ತಿದೆ.

ಇನ್ನು ನಿಯಮ ಅನ್ಯಾಯ ಎನ್ನಿಸಿದರೆ ಅದನ್ನು ಹೇಳುವ ಜಾಗವೂ ಕಾನೂನಿನಲ್ಲೇ ಉಂಟು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕರಾವಳಿ ಸಮಿತಿಯಲ್ಲಿ ಕರಾವಳಿಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಇರಬೇಕು. ಬ್ಯಾರಿಗಳು ಈ ಕರಾವಳಿಯಲ್ಲಿ ನಿನ್ನೆ ಬಂದು ಕುಳಿತವರಲ್ಲ. ಆ ಕುರ್ಚಿಗಾಗಿ ನಮ್ಮ ಸಂಘಟನೆಗಳು ಕೇಳಿದ್ದನ್ನು ನಾನು ಕಂಡಿಲ್ಲ. ಹೊಳೆಬದಿಯ ಕುರ್ಚಿಗಾಗಿ ಇಷ್ಟು ಓಡಾಡುವ ನಾವು ಆ ಕುರ್ಚಿಗೂ ಸ್ವಲ್ಪ ಓಡಾಡಬಹುದಿತ್ತು. ಯಾವ ದಡ ಪ್ರವಾಸೋದ್ಯಮಕ್ಕೆ, ಯಾವುದು ಮರುವಾಯಿಗೆ, ಎಲ್ಲಿ ಸಣ್ಣವರಿಗೂ ಹತ್ತು ಮೇಜು ಹಾಕುವ ಅವಕಾಶ ಎಂದು ಅಲ್ಲಿ ಕೇಳಿದರೆ ಮಾತ್ರ ನಕ್ಷೆಯಲ್ಲಿ ಬರುತ್ತದೆ.

ಕೊನೆಯದಾಗಿ ಜಮಾಅತ್ ಕಮಿಟಿಯವರಿಗೆ ಒಂದು ಮಾತು. ಹೊಳೆಬದಿಯ ಕೆಲವು ಜಮಾಅತ್‌ಗಳಿಗೆ ದಡದಲ್ಲಿ ವಕ್ಫ್ ಜಾಗ ಉಂಟು, ಅದನ್ನು ಹೋಟೆಲಿಗೆ ಬಾಡಿಗೆಗೆ ಕೊಡುವ ಆಲೋಚನೆಯೂ ಬರುತ್ತದೆ. ಉಸ್ತಾದರ ಸಂಬಳಕ್ಕೆ ದಾರಿಯಾಗುತ್ತದೆ ಎಂದು ನನ್ನ ಹತ್ತಿರವೇ ಹೇಳಿದವರುಂಟು. ಕರಾರು ಪತ್ರ ಬರೆಯುವಾಗ ಬಾಡಿಗೆ ಎಷ್ಟು ಎಂಬುದರ ಜೊತೆಗೆ ಇನ್ನೂ ಎರಡು ಸಾಲು ಸೇರಿಸಿ: ಸಿಆರ್‌ಝಡ್ ಗೆರೆಯ ಆಚೆ ಮಣ್ಣು ಹಾಕುವಂತಿಲ್ಲ, ಕಟ್ಟುವಂತಿಲ್ಲ, ಹೊಳೆಗೆ ಇಳಿಯುವ ಹಳೆಯ ಕಾಲುದಾರಿಯನ್ನು ಮುಚ್ಚುವಂತಿಲ್ಲ. ಆ ದಾರಿಯಲ್ಲಿ ಬೆಳಿಗ್ಗೆ ಮರುವಾಯಿಯ ಬುಟ್ಟಿ ಹೊತ್ತು ಹೆಂಗಸರು ಬರುತ್ತಾರೆ. ಅವರಲ್ಲಿ ಅರ್ಧದಷ್ಟು ಜನ ಆ ಜಮಾಅತಿನವರೇ ಅಲ್ಲ, ಆದರೂ ದಾರಿ ಅವರದ್ದೂ ಹೌದು.